ಕೆಂಪು ಕಾರಿನ ತಾಮ್ರದ ಮೊಣಕೈ

ತಗಡನ್ನು ಎವರಿಸ್ತೋ ಕಣ್ಣು ಮುಚ್ಚಿಕೊಂಡೇ ನೋಡುತ್ತಿದ್ದ. ಅಂಗೈಯನ್ನು ಮೇಲಿಟ್ಟು ಬೆಕ್ಕಿನ ಬೆನ್ನು ಸವರಿದ ಹಾಗೆ ಮೆಲ್ಲಗೆ ಎಳೆದರೆ ಸಾಕು, ಕಣ್ಣಿಗೆ ಬೀಳದ ಉಬ್ಬುತಗ್ಗೆಲ್ಲ ಗೊತ್ತಾಗಿಬಿಡುತ್ತಿತ್ತು. ಕಣ್ಣು ಬಣ್ಣ ನೋಡಿ ಮರುಳಾಗುತ್ತದೆ, ಅಂಗೈಗೆ ಆ ಚಪಲವಿಲ್ಲ ಎಂದು ಅವನ ನಂಬಿಕೆ.

ಉತ್ತರ ಇಟಲಿಯ ಎಮಿಲಿಯಾ ಹೆದ್ದಾರಿಯಲ್ಲಿ ರೆಜ್ಜೋ ಊರು ಬಿಟ್ಟು ಮೊದೆನಾ ಕಡೆ ಹೊರಟರೆ ಎಡಮಗ್ಗುಲಿಗೆ ಸಿಗುವ ಉದ್ದನೆಯ ಹೆಂಚಿನ ಕೊಟ್ಟಿಗೆ ಬೆರ್ತೊಲಾನಿ ಅಣ್ಣತಮ್ಮಂದಿರದು. ನಡುವೆ ಒಂದು ಹಲಗೆಯ ಗೋಡೆ. ಆಚೆ ಅಣ್ಣ ಚೆಲ್ಸೊ, ಅಪ್ಪ ಅಜ್ಜಂದಿರ ಕಸುಬನ್ನೇ ಹಿಡಿದು, ಚೀಸ್ ಮಾಡುವವರಿಗೆ ಆಳೆತ್ತರದ ತಾಮ್ರದ ಹಂಡೆ ಬಡಿಯುತ್ತಿದ್ದ. ಈಚೆ ತಮ್ಮ ಎವರಿಸ್ತೋ, ಐವತ್ತು ತುಂಬಿದ ಮೇಲೆ ತಾಮ್ರ ಬಿಟ್ಟು ಅಲ್ಯೂಮಿನಿಯಂ ಹಿಡಿದು, ಕಾರುಗಳಿಗೆ ಮೈ ಬಡಿಯಲು ಕೂತಿದ್ದ.

ಆಗಿನ ಕಾಲದಲ್ಲಿ ಓಟದ ಕಾರನ್ನು ಯಾರೂ ಇಡಿಯಾಗಿ ಕೊಳ್ಳುತ್ತಿರಲಿಲ್ಲ. ಮಿಲಾನಿನ ಕಾರ್ಖಾನೆಯವರು ಎಂಜಿನ್ನು, ಫ್ರೇಮು, ನಾಲ್ಕು ಚಕ್ರ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಮೇಲಿನ ಮೈಯನ್ನು ದರ್ಜಿಯ ಹತ್ತಿರ ಕೋಟು ಹೊಲಿಸಿದ ಹಾಗೆ ಬೇರೆ ಕಡೆ ಮಾಡಿಸಿಕೊಳ್ಳಬೇಕಿತ್ತು. ನಾಲ್ಕು ವರ್ಷ ಎವರಿಸ್ತೋ ಬೇರೆಯವರ ಅಂಗಡಿಗಳಿಗೆ ಒಂದು ಬಾಗಿಲು, ಒಂದು ಮಡ್‌ಗಾರ್ಡು ಎಂದು ಬಿಡಿಬಿಡಿಯಾಗಿ ಬಡಿದುಕೊಟ್ಟಿದ್ದ. ಈ ಸಲವೇ ಮೊದಲ ಬಾರಿಗೆ ಮೂಗಿನಿಂದ ಬಾಲದವರೆಗೆ ಒಂದು ಇಡೀ ಕಾರು ಅವನ ಕೈಗೆ ಬಂದಿತ್ತು. ಚೀಸ್ ವ್ಯಾಪಾರಿ ಸ್ಪಜ್ಜಾರಿಯವರದು. ಏಪ್ರಿಲ್‌ನಲ್ಲಿ ಬ್ರೆಶಿಯಾದಿಂದ ರೋಮ್‌ಗೆ ಹೋಗಿ ತಿರುಗಿ ಬರುವ ಸಾವಿರ ಮೈಲಿಯ ಓಟಕ್ಕೆ ಅದು ಹೋಗಬೇಕಿತ್ತು. ಓಟ ಹಾದುಹೋಗುವುದು ಇದೇ ಹೆದ್ದಾರಿಯಲ್ಲಿ, ಇವನ ಮನೆಯ ಬಾಗಿಲ ಮುಂದೆಯೇ.

ಕಾರಿಗೆ ಹಚ್ಚಲೆಂದು ಎವರಿಸ್ತೋ ಒಂದು ತಾಮ್ರದ ಬಿಲ್ಲೆ ಮಾಡಿಟ್ಟುಕೊಂಡಿದ್ದ. ಹೆಬ್ಬೆರಳಗಲದ ಎಲೆಯ ಆಕಾರ, ಅದರ ಮೇಲೆ "ಎ. ಬೆರ್ತೊಲಾನಿ" ಎಂದು ಕೆತ್ತನೆ. ಕೆಲಸ ಮುಗಿಯುವ ಮುಂಚೆ ಹೆಸರು ಹಾಕಬಾರದೆಂದು ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ.

ಅಳತೆ ತೆಗೆದದ್ದು ನವೆಂಬರಿನಲ್ಲಿ, ಸಂತ ಮಾರ್ಟಿನ್ ಹಬ್ಬದ ದಿನ. ಕಾಗದದ ಮೇಲೆ ಗೆರೆ ಎಳೆಯುವ ಅಭ್ಯಾಸ ಎವರಿಸ್ತೋಗೆ ಇರಲಿಲ್ಲ. ಬರಿಯ ಫ್ರೇಮಿನ ಮೇಲೆ ಒಂದು ಚೀಸ್ ಪೆಟ್ಟಿಗೆ ಇಟ್ಟು, ಓಡಿಸುವವನನ್ನು ಅದರ ಮೇಲೆ ಕೂರಿಸಿ, ಕೈಗೆ ಸ್ಟೀರಿಂಗ್ ಕೊಟ್ಟು, ಸುತ್ತ ದಪ್ಪ ತಂತಿ ಬಗ್ಗಿಸಿಕೊಂಡು ಬರುತ್ತಿದ್ದ. ಆ ತಂತಿಯ ಗೂಡಿನ ಮೇಲೆ ತಗಡು ಕೂರಬೇಕು. ಓಡಿಸುವವನು ಲೆಯಾರ್ಕೊ, ಸ್ಪಜ್ಜಾರಿಯವರ ಲಾರಿ ಡ್ರೈವರು, ಇಪ್ಪತ್ತಾರು ವಯಸ್ಸು. ಆಗ ಅವನು ಬೇಲಿಯ ಗೂಟದ ಹಾಗಿದ್ದ. ಓಟದ ದಾರಿಯಲ್ಲಿ ಸಿಗುವ ಫುತಾ ಬೆಟ್ಟದ ತಿರುವುಗಳನ್ನು ಅವನಷ್ಟು ಬಲ್ಲವರು ಆ ಕಡೆ ಇನ್ನೊಬ್ಬರಿರಲಿಲ್ಲ.

ಎವರಿಸ್ತೋನ ಹೆಂಡತಿ ಆರ್ಜಿಯಾ ಸೀಟಿನ ತೊಗಲು ಹೊಲಿಯುವವಳು. ಮದುವೆಗೆ ಮುಂಚೆ ದರ್ಜಿಯ ಅಂಗಡಿಯಲ್ಲಿ ಕೆಲಸ ಮಾಡಿದವಳು. ಅವತ್ತು ಬಾಯಲ್ಲಿ ಎರಡು ಸೂಜಿ ಕಚ್ಚಿಕೊಂಡೇ ಹೇಳಿದ್ದಳು.

"ಇನ್ನೂ ಹಂದಿ ಕೊಯ್ದಿಲ್ಲ. ಈಗ ಅಳತೆ ತಗೊಂಡ್ರೆ ಎರಡು ಬೆರಳು ಜಾಸ್ತಿ ಬಿಡ್ಬೇಕು."

ಆ ಸೀಮೆಯ ದರ್ಜಿಗಳೆಲ್ಲ ಹಾಗೇ ಮಾಡುತ್ತಿದ್ದರು. ಡಿಸೆಂಬರಿಗೆ ಹಂದಿ ಕೊಯ್ಯುವ ಕಾಲ ಶುರುವಾದರೆ ಫೆಬ್ರವರಿಯವರೆಗೂ ಮನೆಮನೆಯಲ್ಲಿ ಸಾಸೇಜು, ಕೊಬ್ಬಿನ ಚಕ್ಕಳಿ, ಬೇಯಿಸಿದ ಹಂದಿಕಾಲು. ಅದಕ್ಕೆ ಮುಂಚೆ ಹೊಲಿದ ಕೋಟಿಗೆ ಒಳಗಡೆ ಎರಡು ಬೆರಳು ಬಟ್ಟೆ ಮಡಚಿಟ್ಟಿರುವುದು ಮಾಮೂಲು.

"ಇದು ತಗಡು ಕಣೇ," ಎಂದಿದ್ದ ಎವರಿಸ್ತೋ. "ತಗಡಿಗೆ ಮಡಚಿಡೋದು ಎಲ್ಲಿ ಬಂತು? ಮೈಗೆ ಅಂಟಿದಂಗೆ ಇದ್ರೇನೇ ಗಾಳಿ ಸೀಳ್ಕೊಂಡು ಹೋಗೋದು."

ಅಲ್ಲಿಗೆ ಆ ಮಾತು ಮುಗಿದಿತ್ತು. ಚಳಿಗಾಲವೆಲ್ಲ ಅವನು ಬಡಿದ. ತಗಡಿಗೆ ಸೋಪು ಸವರಿ, ಮೆದುವಾಗಲೆಂದು ಬೆಂಕಿ ತೋರಿಸಿ, ಸೋಪು ಕಂದುಬಣ್ಣಕ್ಕೆ ತಿರುಗಿದ ಕೂಡಲೇ ತೆಗೆದು, ನಡುವೆ ಗುಳಿ ತೋಡಿದ ಮರದ ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ಬಡಿಯುವುದು. ಬಾಲದ ಭಾಗ ಮನಸ್ಸಿಗೆ ಬಾರದೆ ಎರಡು ಸಲ ಕಿತ್ತು ಮತ್ತೆ ಮಾಡಿದ. ತರಿಸಿದ್ದ ಅಲ್ಯೂಮಿನಿಯಮ್ಮೆಲ್ಲ ಅದರಲ್ಲೇ ಖರ್ಚಾಯಿತು.

ಗೋಡೆಯಾಚೆಯಿಂದ ಚೆಲ್ಸೊ ಕೂಗುತ್ತಿದ್ದ. "ಏನೋ, ಮುಗೀತೇನೋ ನಿನ್ನ ಡಬ್ಬಿ? ಓಡ್ದೆ ಹೋದ್ರೆ ಹೇಳು, ಕೋಳಿಗೂಡಿಗೆ ಆಗುತ್ತೆ."

"ನಿನ್ನ ಹಂಡೆಗೆ ಚಕ್ರ ಕಟ್ಟಿ ಓಡ್ಸು ನೋಡೋಣ," ಎಂದು ಇವನು.

"ನನ್ನ ಹಂಡೆ ಎಲ್ಲಿಗೂ ಓಡ್ಬೇಕಾಗಿಲ್ಲಪ್ಪ. ಹಾಲೇ ಅದರ ಹತ್ರ ಬರುತ್ತೆ."

ಇತ್ತ ಲೆಯಾರ್ಕೊಗೆ ಹಂದಿ ಕೊಯ್ಯುವ ಮೆದಾರ್ದೊನ ಮಗಳ ಜೊತೆ ಮದುವೆ ನಿಶ್ಚಯವಾಗಿತ್ತು. ಆಗುವ ಮಾವನ ಕೈಚೀಲ ಹೊತ್ತುಕೊಂಡು ಊರೂರು ತಿರುಗಿದ. ಹೋದ ಮನೆಯಲ್ಲೆಲ್ಲ ಮೊದಲ ತುಂಡು ಕೊಯ್ದವನಿಗೆ, ಎರಡನೆಯದು ಅಳಿಯನಿಗೆ. ಆಗಾಗ ಬಂದು ಫ್ರೇಮನ್ನು ಓಡಿಸಿ ನೋಡುತ್ತಿದ್ದನಾದರೂ, ಬರಿಯ ಪೆಟ್ಟಿಗೆಯ ಮೇಲೆ ದೊಡ್ಡ ಕೋಟು ಹಾಕಿಕೊಂಡು ಕೂತವನ ಮೈ ಯಾರ ಕಣ್ಣಿಗೂ ಬೀಳಲಿಲ್ಲ.

ಓಟ ಶನಿವಾರ. ಬುಧವಾರ ಬೆಳಿಗ್ಗೆ, ಮೂರು ಕೋಟು ಕೆಂಪು ಬಣ್ಣ ಬಳಿದು ಒಣಗಿದ್ದ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಸ್ಪಜ್ಜಾರಿಯವರೂ ಬಂದಿದ್ದರು. ಬಾಗಿಲಿಲ್ಲದ ಕಾರು, ಅಂಚು ಹತ್ತಿ ಒಳಗೆ ಇಳಿಯಬೇಕು. ಲೆಯಾರ್ಕೊ ಕೋಟು ತೆಗೆದು ಬೇಲಿಯ ಮೇಲೆ ಹಾಕಿದ. ಎಲ್ಲರ ಕಣ್ಣೂ ಅವನ ಹೊಟ್ಟೆಯ ಮೇಲೆ ಬಿತ್ತು.

"ಲೇ," ಎಂದ ಎವರಿಸ್ತೋ. "ನಿನ್ನೊಳಗೆ ಇನ್ಯಾರು ಸೇರ್ಕೊಂಡಿರೋದು?"

"ಚಳಿಗೆ ಸ್ವಲ್ಪ ಊದ್ಕೊಂಡಿದೀನಿ ಮೇಸ್ತ್ರಿ, ಅಷ್ಟೆ."

ಕಾಲಿಟ್ಟ, ಸೊಂಟದವರೆಗೆ ಇಳಿದ, ಅಲ್ಲೇ ಬಿರಡೆಯ ಹಾಗೆ ನಿಂತ. ಆರ್ಜಿಯಾ ಭುಜ ಹಿಡಿದು ಒತ್ತಿದಳು. ಕೊನೆಗೂ ಕೂತ. ಆದರೆ ಬಲಗಡೆ ಅವನ ಮೊಣಕೈ ತಗಡಿಗೂ ಹೊಟ್ಟೆಗೂ ನಡುವೆ ಸಿಕ್ಕಿಕೊಂಡು, ಸ್ಟೀರಿಂಗ್ ಎಡಕ್ಕೆ ತಿರುಗಿತೇ ಹೊರತು ಬಲಕ್ಕೆ ತಿರುಗಲಿಲ್ಲ. ಆ ಕಾಲದ ಒಳ್ಳೆಯ ಕಾರುಗಳಲ್ಲೆಲ್ಲ ಬೆಟ್ಟದ ದಾರಿಯ ಅಂಚು ಕಾಣಲೆಂದು ಸ್ಟೀರಿಂಗನ್ನು ಬಲಗಡೆಯೇ ಇಡುತ್ತಿದ್ದರು.

"ರೋಮ್‌ಗೆ ಹೋಗೋ ದಾರೀಲಿ ಬಲಗಡೆ ತಿರುವು ಎಷ್ಟಿದೆಯೋ?" ಎಂದು ಕೇಳಿದರು ಸ್ಪಜ್ಜಾರಿ.

"ಅರ್ಧಕ್ಕರ್ಧ, ಸಿನ್ಯೋರ್."

ಹೊರಗೆ ತೆಗೆಯಲು ಇಬ್ಬರು ಬೇಕಾಯಿತು. ಅವನು ಬಂದ, ಬೂಟುಗಳು ಒಳಗೇ ಉಳಿದವು. ಗೋಡೆಯ ಮೂಲೆಯಿಂದ ಇಣುಕುತ್ತಿದ್ದ ಚೆಲ್ಸೊ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಸೀಟಿನೊಳಗಿನ ಕುದುರೆ ಕೂದಲನ್ನೆಲ್ಲ ಆರ್ಜಿಯಾ ಕಿತ್ತು ನೋಡಿದಳು. ಆಗ ಲೆಯಾರ್ಕೊ ಎಷ್ಟು ಕೆಳಗೆ ಇಳಿದನೆಂದರೆ, ಮುಂದೆ ಕಾಣುತ್ತಿದ್ದುದು ಆಕಾಶವೊಂದೇ.

"ಎರಡು ದಿನ ಊಟ ಬಿಡ್ತೀನಿ," ಎಂದ ಅವನು. "ಹೆಂಗೂ ಈಸ್ಟರ್ ಮುಂಚಿನ ಉಪವಾಸದ ದಿನಗಳು."

"ಉಪವಾಸದಲ್ಲಿ ನಿಮ್ಮತ್ತೆ ಏನು ಹಾಕ್ತಾರೆ?" ಎಂದಳು ಆರ್ಜಿಯಾ.

"ಮಾಂಸ ಮುಟ್ಟೋದೇ ಇಲ್ಲಮ್ಮ. ಹಾವುಮೀನು, ಕಡಲೆ, ಬೆಣ್ಣೇಲಿ ಮುಳುಗಿಸಿದ ಕುಂಬಳಕಾಯಿ ಕಡುಬು..."

"ಸಾಕು, ಸಾಕು ಬಿಡು."

ಸ್ಪಜ್ಜಾರಿಯವರು ಕೂಗಾಡುವವರಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ನೋಡಿ ಮೇಸ್ತ್ರಿ, ಲೆಯಾರ್ಕೊ ಬದಲು ಇನ್ನೊಬ್ಬನನ್ನ ಕೂರಿಸೋ ಮಾತೇ ಇಲ್ಲ. ಶುಕ್ರವಾರ ಮಧ್ಯಾಹ್ನ ಕಾರು ಬ್ರೆಶಿಯಾಗೆ ಹೊರಡಬೇಕು. ಈ ಫ್ರೇಮಿನ ಮೇಲೆ ಮೊದಲು ಇದ್ದ ಹಳೇ ಬಾಡಿ ನನ್ನ ಗೋಡೌನಲ್ಲಿ ಬಿದ್ದಿದೆ. ನೋಡೋಕೆ ಚೆನ್ನಾಗಿಲ್ಲ, ಆದ್ರೆ ಇಬ್ಬರು ಲೆಯಾರ್ಕೊ ಕೂರಬಹುದು. ಶುಕ್ರವಾರದೊಳಗೆ ಇವನು ಬಲಕ್ಕೂ ಎಡಕ್ಕೂ ತಿರುಗಿಸೋ ಹಾಗೆ ಮಾಡಿದ್ರೆ ಸರಿ. ಇಲ್ಲಾಂದ್ರೆ ನಿಮ್ಮದನ್ನ ಬಿಚ್ಚಿ ಅದನ್ನೇ ಏರಿಸ್ತೀನಿ. ಬೇಜಾರು ಮಾಡ್ಕೋಬೇಡಿ."

ಎವರಿಸ್ತೋ ಆಗಲಿ ಎಂದು ತಲೆಯಾಡಿಸಿದ. ಎಲ್ಲರೂ ಹೋದ ಮೇಲೆ ಕಾರಿನ ಬಲಮಗ್ಗುಲಿಗೆ ಅಂಗೈ ಇಟ್ಟು ಸವರಿದ. ಒಂದು ಉಬ್ಬಿಲ್ಲ, ಒಂದು ತಗ್ಗಿಲ್ಲ. ಐದು ತಿಂಗಳಲ್ಲಿ ಇಷ್ಟು ಚೆನ್ನಾಗಿ ಅವನೇನೂ ಮಾಡಿರಲಿಲ್ಲ. ಬಿಚ್ಚಿದರೆ ಅದು ಇದೇ ಅಂಗಳದಲ್ಲಿ ಕೋಳಿಗೂಡಾಗುತ್ತದೆ, ಶನಿವಾರ ಊರಿಗೆ ಊರೇ ರಸ್ತೆಯ ಬದಿಗೆ ಬಂದು ನಿಂತು ಬೇರೆಯವರ ತಗಡು ಹಾದುಹೋಗುವುದನ್ನು ನೋಡುತ್ತದೆ. ಅದಾದ ಮೇಲೆ ಇನ್ನೊಂದು ಕಾರನ್ನು ಯಾರು ತಂದುಕೊಡುತ್ತಾರೆ? ಜೇಬಿನ ಬಿಲ್ಲೆ ಎದೆಗೆ ಒತ್ತುತ್ತಿತ್ತು.

ಗುರುವಾರ ಬೆಳಿಗ್ಗೆ ಅವನು ಊಟದ ಮೇಜಿನ ಮುಂದೆ ರೊಟ್ಟಿ ಮುಟ್ಟದೆ ಕೂತಿದ್ದ. ಆರ್ಜಿಯಾ ಹಳೆಯ ಅಂಗಿಯೊಂದನ್ನು ತಂದು ಅವನ ಮುಂದೆ ಹರಡಿದಳು. ಅವನದೇ ಅಂಗಿ. ಕಂಕುಳಲ್ಲಿ ಬಿಗಿಯಾಗಿ ಹರಿದಿದ್ದಲ್ಲಿ ಅವಳು ಬೇರೆ ಬಟ್ಟೆಯ ತುಂಡು ಸೇರಿಸಿದ್ದಳು.

"ಇದನ್ನ ನೀನು ಹತ್ತು ವರ್ಷ ಹಾಕ್ಕೊಂಡೆ. ಯಾರಾದ್ರೂ ನಕ್ಕರಾ?"

"ಕಂಕುಳನ್ನ ಯಾರೇ ನೋಡ್ತಾರೆ?"

"ಕೊಯ್ದು ತುಂಡು ಸೇರ್ಸು ಎವರಿಸ್ತೋ. ಮೊಣಕೈ ಬರೋ ಜಾಗದಲ್ಲಿ ಕೊಯ್ದು, ಹೊರಗೆ ಉಬ್ಬಿದ ತುಂಡೊಂದು ಹಾಕು. ಅಷ್ಟೇ ತಾನೆ ಬೇಕಿರೋದು?"

"ಕೊಯ್ಯೋದಾ? ಅದನ್ನಾ?" ಎಂದು ಅವಳನ್ನೇ ನೋಡಿದ. ಅಂಗಿಯ ತೇಪೆಯನ್ನು ಬೆರಳಿನಿಂದ ಎಳೆದು ನೋಡಿ, "ಹಾಕೋಕೆ ತಗಡು ಎಲ್ಲಿದೆ? ತೊರಿನೋದಿಂದ ಬರೋಕೆ ಹತ್ತು ದಿನ ಬೇಕು," ಎಂದ.

ಆರ್ಜಿಯಾ ಹಲಗೆಯ ಗೋಡೆಯ ಕಡೆ ನೋಡಿದಳು, ಅಷ್ಟೆ. ಆಚೆ ಅಣ್ಣನ ಸುತ್ತಿಗೆ ತಾಮ್ರದ ಮೇಲೆ ಟಣ್ ಟಣ್ ಎನ್ನುತ್ತಿತ್ತು.

ನಾಲ್ಕು ವರ್ಷದಲ್ಲಿ ಎವರಿಸ್ತೋ ಆ ಗೋಡೆ ದಾಟಿ ಅಣ್ಣನ ಹತ್ತಿರ ಒಂದು ಮೊಳೆಯನ್ನೂ ಕೇಳಿದವನಲ್ಲ. ಅವತ್ತು ಬಾಗಿಲಲ್ಲಿ ಹೋಗಿ ನಿಂತ. ಚೆಲ್ಸೊ ತಲೆ ಎತ್ತದೆ ಬಡಿಯುತ್ತಲೇ ಇದ್ದ.

"ಅಣ್ಣ, ಒಂದು ತುಂಡು ತಾಮ್ರ ಬೇಕಿತ್ತು."

ಸುತ್ತಿಗೆ ನಿಂತಿತು. "ಯಾಕೆ? ಕಾರಲ್ಲಿ ಹಾಲು ಕಾಯಿಸ್ತೀಯಾ?"

"ಮೊಣಕೈಗೆ."

"ಏನಂದೆ?"

"ಅಳತೆ ತಪ್ಪಿದೆ ಅಣ್ಣ. ಆರ್ಜಿಯಾ ಹೇಳಿದ್ಲು, ನಾನು ಕೇಳ್ಲಿಲ್ಲ. ಹಂದಿ ಕೊಯ್ಯೋಕೆ ಮುಂಚೆ ತಗೊಂಡೆ."

ಇನ್ನೊಂದು ಕುಹಕ ಬರುತ್ತದೆಂದು ಎವರಿಸ್ತೋ ತಲೆ ತಗ್ಗಿಸಿ ಕಾದ. ಬರಲಿಲ್ಲ. ಚೆಲ್ಸೊ ಎದ್ದು, ಮೂಲೆಯಲ್ಲಿ ಕವುಚಿ ಹಾಕಿದ್ದ ಹಳೆಯ ಹಂಡೆಯೊಂದನ್ನು ಕಾಲಿನಿಂದ ಉರುಳಿಸಿದ. ಅಪ್ಪನ ಕೈಯ ಹಂಡೆ. ಕಂಠ ಸೀಳಿಹೋಗಿದ್ದರಿಂದ ಯಾರೂ ಬಳಸುತ್ತಿರಲಿಲ್ಲ.

"ಇದರ ಹೊಟ್ಟೆ ನೋಡು. ಈಗಾಗ್ಲೇ ದುಂಡಗಿದೆ. ಅರ್ಧ ಕೆಲಸ ಅಪ್ಪನೇ ಮಾಡಿಟ್ಟಿದ್ದಾನೆ," ಎಂದ. ಹಂಡೆ ಎತ್ತಿಕೊಂಡು ತಾನೇ ಮುಂದಾಗಿ ಗೋಡೆಯಾಚೆಗೆ ನಡೆದ. "ಒಬ್ಬನೇ ಬಡಿದ್ರೆ ಭಾನುವಾರ ಆಗುತ್ತೆ. ನಡಿ."

ಎವರಿಸ್ತೋ ಕೆಂಪು ಮೈಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ. ಕತ್ತರಿ ಹಿಡಿದು ಕಣ್ಣು ಮುಚ್ಚಿದ.

"ಕಣ್ಣು ಬಿಟ್ಕೊಂಡು ಕೊಯ್ಯೋ ಮಾರಾಯ," ಎಂದ ಚೆಲ್ಸೊ.

ಕೊಯ್ದ. ಕಲ್ಲಂಗಡಿಯಿಂದ ಹೋಳು ತೆಗೆದ ಹಾಗೆ ತುಂಡು ಕೈಗೆ ಬಂತು. ಆಮೇಲೆ ಲೆಯಾರ್ಕೊನನ್ನು ಕೂರಿಸಿ, ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಲು ಹೇಳಿ, ಅವನ ಮೊಣಕೈ ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೆ ತಂತಿ ಬಗ್ಗಿಸಿದರು.

"ಎರಡು ಬೆರಳು ಬಿಡು," ಎಂದಳು ಆರ್ಜಿಯಾ. "ಜೂನ್‌ನಲ್ಲಿ ಇವನ ಮದುವೆ."

ಎರಡು ಬೆರಳು ಬಿಟ್ಟರು.

ಆಮೇಲೆ ಅಣ್ಣತಮ್ಮ ಇಬ್ಬರೂ ಒಂದೇ ದಿಮ್ಮಿಯ ಎದುರುಬದುರು ಕೂತರು. ಹುಡುಗರಾಗಿದ್ದಾಗ ಅಪ್ಪನ ಮುಂದೆ ಕೂತು ಹಾಗೆ ಬಡಿಯುತ್ತಿದ್ದರು, ಒಬ್ಬನ ಸುತ್ತಿಗೆ ಏಳುವಾಗ ಇನ್ನೊಬ್ಬನದು ಬೀಳಬೇಕು. ಮೊದಮೊದಲು ತಾಳ ತಪ್ಪಿತು. ಒಂದು ಸಲ ಚೆಲ್ಸೊನ ಪೆಟ್ಟು ಬೇಗ ಬಿದ್ದು ತಾಮ್ರದ ಮೇಲೆ ಕಡಲೆಕಾಳಿನಷ್ಟು ಗುಳಿ ಬಿತ್ತು.

"ನೋಡ್ಕೊಂಡು ಬಡಿಯಪ್ಪ!"

"ನೀನು ನಿಧಾನ ಆಗಿದೀಯಾ. ಅಲ್ಯೂಮಿನಿಯಂ ಬಡಿದೂ ಬಡಿದೂ ಕೈ ಬೆಣ್ಣೆ ಆಗ್ಹೋಗಿದೆ ನಿಂದು."

ಊಟದ ಹೊತ್ತಿಗೆ ತಾಳ ಸೇರಿತು. ರಸ್ತೆಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ಕೇಳುತ್ತಿದ್ದರು. ಶುಕ್ರವಾರ ಬೆಳಿಗ್ಗೆ ತುಂಡನ್ನು ಕೂರಿಸಿ ರಿವೆಟ್ ಹೊಡೆದರು. ಲೆಯಾರ್ಕೊ ಒಳಗೆ ಇಳಿದು ಬಲಕ್ಕೆ ತಿರುಗಿಸಿದ, ಎಡಕ್ಕೆ ತಿರುಗಿಸಿದ. ಮೊಣಕೈ ತಾಮ್ರದೊಳಗೆ ಮೊಟ್ಟೆ ಗೂಡಿನಲ್ಲಿ ಕೂತ ಹಾಗೆ ಕೂತಿತು.

ಆದರೆ ಬಣ್ಣ ಬಳಿಯಲು ಹೊತ್ತಿರಲಿಲ್ಲ, ಬಳಿದರೆ ಒಣಗುತ್ತಿರಲಿಲ್ಲ. ಅಚ್ಚ ಕೆಂಪು ಕಾರಿನ ಬಲಮಗ್ಗುಲಲ್ಲಿ ಹೊಳೆಯುವ ತಾಮ್ರದ ಉಬ್ಬು, ಹಲ್ಲುನೋವಿಗೆ ಊದಿದ ಕೆನ್ನೆಯ ಹಾಗೆ. ಸ್ಪಜ್ಜಾರಿಯವರು ಸುತ್ತ ಒಂದು ಸುತ್ತು ಬಂದರು, ಉಬ್ಬಿನ ಮುಂದೆ ನಿಂತರು.

"ಇದೇನು ಮೇಸ್ತ್ರಿ?"

"ತಿರುಗುತ್ತೆ, ಸಿನ್ಯೋರ್," ಎಂದ ಎವರಿಸ್ತೋ.

"ತಿರುಗಿದ್ರೆ ಆಯ್ತು. ನಾಳೆ ಸಂಜೆ ರೋಮ್ ಮುಟ್ಟದೆ ಅದು ಎಲ್ಲಾದ್ರೂ ಕಳಚ್ಕೊಂಡು ಬಿತ್ತೋ, ಸೋಮವಾರ ಹಳೇ ಬಾಡಿ ಏರಿಸೋದೇ."

ಕಾರು ಹೋಯಿತು. ಬಿಲ್ಲೆ ಜೇಬಿನಲ್ಲೇ ಉಳಿಯಿತು. ಅದನ್ನು ಹಚ್ಚಲು ಎವರಿಸ್ತೋಗೆ ಮನಸ್ಸು ಬಂದಿರಲಿಲ್ಲ.

ಶನಿವಾರ ಹೆದ್ದಾರಿಯ ಎರಡೂ ಬದಿಗೆ ಜನ. ಕುರ್ಚಿ, ಬೆಂಚು, ಏಣಿ ತಂದು ಹಾಕಿಕೊಂಡು, ಲಾಂಬ್ರುಸ್ಕೊ ವೈನಿನ ಬಾಟಲಿಗಳನ್ನು ಕಾಲುವೆಯ ನೀರಿನಲ್ಲಿಟ್ಟು ಕಾಯುತ್ತಿದ್ದರು. ಎವರಿಸ್ತೋ ತನ್ನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದ. ಬಾಗಿಲು ಇರುವುದು ರಸ್ತೆಯ ಎಡಕ್ಕೆ. ಕಾರುಗಳು ರೆಜ್ಜೋ ಕಡೆಯಿಂದ ಬರುವಾಗ ಇಲ್ಲಿ ಕೂತವರಿಗೆ ಕಾಣುವುದು ಎಡಮಗ್ಗುಲು ಮಾತ್ರ, ನುಣುಪಾದ ಮಗ್ಗುಲು. ರಾತ್ರಿಯೆಲ್ಲ ಅದೊಂದೇ ಸಮಾಧಾನದಲ್ಲಿ ಅವನು ನಿದ್ದೆ ಮಾಡಿದ್ದ.

ಆದರೆ ಅವನ ಹತ್ತಿರ ಕೂತವರು ಒಬ್ಬೊಬ್ಬರಾಗಿ ಏಳತೊಡಗಿದರು. ಬ್ರೆಡ್ಡಿನ ಅಂಗಡಿಯವನು ಎದ್ದ. ಅಂಚೆಯವನು ಎದ್ದ. ಎಲ್ಲರೂ ಕುರ್ಚಿ ಎತ್ತಿಕೊಂಡು ಆಚೆ ಬದಿಗೆ ಹೊರಟರು.

"ಎಲ್ಲಿಗ್ರೋ?"

"ನಿಮ್ಮ ಹಂಡೆ ನೋಡೋಕೆ ಮೇಸ್ತ್ರಿ! ಈ ಕಡೆಯಿಂದ ಏನು ಕಾಣುತ್ತೆ?"

ಆರ್ಜಿಯಾಳೂ ಎದ್ದಳು. "ನೀನು ಬರ್ತೀಯಾ, ಇಲ್ಲಿ ಒಬ್ಬನೇ ಕೂತಿರ್ತೀಯಾ?"

"ಇಲ್ಲೇ ಇರ್ತೀನಿ."

ಅವಳು ಹೋದಳು. ಚೆಲ್ಸೊ ಆಗಲೇ ಆಚೆ ಬದಿಯಲ್ಲಿ ಏಣಿಯ ತುದಿ ಹತ್ತಿ ಕೂತು, ಇದು ತಮ್ಮಪ್ಪನ ತಾಮ್ರ ಎಂದು ಸುತ್ತ ನಿಂತವರಿಗೆಲ್ಲ ಹೇಳುತ್ತಿದ್ದ. ಇತ್ತ ಬದಿಯಲ್ಲಿ ಎವರಿಸ್ತೋ ಒಬ್ಬನೇ ಉಳಿದ. ದೂರದಲ್ಲಿ ಯಾರದೋ ಎಂಜಿನ್ನಿನ ಸದ್ದು ಕೇಳಿ ಜನ ಸಾಲಾಗಿ ಎದ್ದು ನಿಂತರು. ಅದು ಬೇರೆ ಕಾರು. ಅದಾದ ಮೇಲೆ ಇನ್ನೊಂದು. ಮೂರನೆಯದರ ಸದ್ದನ್ನು ಅವನು ಗುರುತು ಹಿಡಿದ. ಚಳಿಗಾಲವೆಲ್ಲ ಅಂಗಳದಲ್ಲಿ ಕೇಳಿದ ಸದ್ದು. ಅವನು ಕುರ್ಚಿ ಬಿಟ್ಟು ಎದ್ದ, ಎರಡೂ ಕಡೆ ನೋಡಿದ, ಐವತ್ತನಾಲ್ಕರ ಕಾಲುಗಳಲ್ಲಿ ರಸ್ತೆ ದಾಟಿ ಓಡಿದ.

ಬ್ರೆಡ್ಡಿನ ಅಂಗಡಿಯವನು ಕೈ ಹಿಡಿದು ಎಳೆದುಕೊಳ್ಳುವ ಹೊತ್ತಿಗೆ ಕಾರು ಬಂದೇಬಿಟ್ಟಿತು. ಬಿಸಿಲು ನೇರ ತಾಮ್ರಕ್ಕೆ ಹೊಡೆದು ಕೆಂಪಿನ ಮೇಲೆ ಬಂಗಾರದ ಮಿಂಚೊಂದು ಹೊಳೆಯಿತು. ಲೆಯಾರ್ಕೊನ ಮೊಣಕೈ ಅದರೊಳಗೆ ಆರಾಮಾಗಿ ಕೂತಿತ್ತು. ಜನರನ್ನು ನೋಡಿ ಅವನು ಕೈ ಎತ್ತಿದ. ಕೈಯಲ್ಲಿ ಅರ್ಧ ಕಚ್ಚಿದ ಕುಂಬಳಕಾಯಿ ಕಡುಬು. ಎರಡು ಬೆರಳು ಬಿಟ್ಟಿದ್ದರಲ್ಲ, ಆ ಜಾಗದಲ್ಲಿ ಅವನ ಅತ್ತೆ ಅದನ್ನು ತುರುಕಿ ಕಳಿಸಿದ್ದಳು.

"ಹಂಡೆ! ಹಂಡೆ!" ಎಂದು ಜನ ಕೂಗಿದರು. ಕಾರು ಮೊದೆನಾ ಕಡೆ ಧೂಳಾಗಿ ಹೋಯಿತು.

"ಅಳ್ತಿದೀಯೇನೋ?" ಎಂದು ಏಣಿಯ ಮೇಲಿಂದ ಕೇಳಿದ ಚೆಲ್ಸೊ.

"ಧೂಳು," ಎಂದ ಎವರಿಸ್ತೋ.

ಕಾರು ಸಾವಿರ ಮೈಲಿಯನ್ನೂ ಮುಗಿಸಿತು, ಇಪ್ಪತ್ತಮೂರನೆಯದಾಗಿ. ಸೋಮವಾರ ಲೆಯಾರ್ಕೊ ಅದನ್ನು ಅಂಗಳಕ್ಕೆ ತಂದು ನಿಲ್ಲಿಸಿದಾಗ ಮೂಗಿನಿಂದ ಬಾಲದವರೆಗೆ ಕೆಸರು, ತಾಮ್ರದ ಉಬ್ಬೊಂದು ಮಾತ್ರ ಫಳಫಳ ಹೊಳೆಯುತ್ತಿತ್ತು. ನಿಂತ ಊರಿನಲ್ಲೆಲ್ಲ ಜನ ಅದನ್ನು ಮುಟ್ಟಿ ಮುಟ್ಟಿ ಒರೆಸಿದ್ದರಂತೆ. ಹಳೆಯ ಬಾಡಿಯ ಸುದ್ದಿಯನ್ನು ಸ್ಪಜ್ಜಾರಿಯವರು ಮತ್ತೆ ಎತ್ತಲಿಲ್ಲ.

ಎವರಿಸ್ತೋ ಜೇಬಿನಿಂದ ಬಿಲ್ಲೆ ತೆಗೆದ. ಅರ ಹಿಡಿದು "ಎ." ಎಂಬುದನ್ನು ಉಜ್ಜಿ ಅಳಿಸಿದ. ಬರಿಯ "ಬೆರ್ತೊಲಾನಿ" ಉಳಿಯಿತು. ಅದನ್ನು ತಾಮ್ರದ ಉಬ್ಬಿನ ಅಂಚಿಗೆ ರಿವೆಟ್ ಹೊಡೆದು ಕೂರಿಸಿದ. ಗೋಡೆಯಾಚೆ ಸುತ್ತಿಗೆ ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.

ಆ ಶರತ್ಕಾಲದಲ್ಲಿ ಬೊಲೊನ್ಯಾದಿಂದ ಒಬ್ಬ ಓಟಗಾರ ಬಂದ, ಜೊಂಡಿನ ಕಡ್ಡಿಯಂಥವನು. ತನ್ನ ಕಾರಿಗೂ ತಾಮ್ರದ ಮೊಣಕೈ ಬೇಕೆಂದ.

"ನಿಮಗೆ ಯಾಕೆ ಸ್ವಾಮಿ? ನಿಮ್ಮಲ್ಲಿ ಮೊಣಕೈಯೇ ಕಾಣ್ತಿಲ್ಲ," ಎಂದ ಎವರಿಸ್ತೋ.

"ಗುಟ್ಟು ಮುಚ್ಚಿಡಬೇಡಿ ಮೇಸ್ತ್ರಿ. ಆ ಕಾರು ತಿರುವಲ್ಲಿ ಹೇಗೆ ತಿರುಗುತ್ತೆ ಅಂತ ನೋಡಿದೀನಿ. ಗಾಳೀನ ಅದೇ ಹಿಡಿಯೋದು."

ಆ ಚಳಿಗಾಲ ನಾಲ್ಕು ಕಾರುಗಳು ಬಂದವು, ನಾಲ್ಕಕ್ಕೂ ತಾಮ್ರದ ಮೊಣಕೈ. ಹಲಗೆಯ ಗೋಡೆ ಅಡ್ಡವಾಗುತ್ತದೆಂದು ಅಣ್ಣತಮ್ಮ ಅದನ್ನು ಕಿತ್ತು ಒಲೆಗೆ ಹಾಕಿದರು. ಅಳತೆ ಮಾತ್ರ ಫೆಬ್ರವರಿ ಮುಗಿಯದೆ ಯಾರದೂ ತೆಗೆಯುತ್ತಿರಲಿಲ್ಲ.

ಮೊದಲ ಕಾರು ಕೈಯಿಂದ ಕೈಗೆ ಹೋಯಿತು. ಸ್ಪಜ್ಜಾರಿಯವರಿಂದ ಕಾರ್ಪಿಯ ಒಬ್ಬ ಡಾಕ್ಟರಿಗೆ, ಡಾಕ್ಟರಿಂದ ಬೆಟ್ಟದ ದ್ರಾಕ್ಷಿ ವ್ಯಾಪಾರಿಗೆ. ಎಂಟು ವರ್ಷದ ಮೇಲೆ ಮಡ್‌ಗಾರ್ಡು ಸರಿ ಮಾಡಿಸಲು ಆ ವ್ಯಾಪಾರಿ ಅದನ್ನು ಇದೇ ಅಂಗಳಕ್ಕೆ ತಂದ. ಕೆಂಪು ಮಾಸಿತ್ತು, ತಾಮ್ರ ಹಸಿರು ಹಿಡಿದಿತ್ತು.

"ಈ ವಿಕಾರ ಕಿತ್ತು ನೆಟ್ಟಗೆ ಅಲ್ಯೂಮಿನಿಯಂ ಹಾಕೋಕಾಗುತ್ತಾ ಮೇಸ್ತ್ರಿ?" ಎಂದು ಕೇಳಿದ.

ಎವರಿಸ್ತೋ ಕಣ್ಣು ಮುಚ್ಚಿ, ತಾಮ್ರದ ಮೇಲೆ ಅಂಗೈ ಇಟ್ಟು ಸವರಿದ. ಒಂದು ಕಡೆ ಕೈ ನಿಂತಿತು. ಕಡಲೆಕಾಳಿನಷ್ಟು ಗುಳಿ.

"ಅಣ್ಣ," ಎಂದು ಕೂಗಿದ. "ನಿನ್ನ ಪೆಟ್ಟು ಇನ್ನೂ ಇಲ್ಲೇ ಇದೆ."

"ನೀನು ನಿಧಾನ ಆದದ್ದಕ್ಕೆ ಬಿತ್ತು ಅದು," ಎಂದ ಚೆಲ್ಸೊ ಮೂಲೆಯಿಂದ, ತಲೆ ಎತ್ತದೆ.

"ಆಗಲ್ಲ," ಎಂದ ಎವರಿಸ್ತೋ ವ್ಯಾಪಾರಿಗೆ. ಮೂಲೆಯಲ್ಲಿದ್ದ ಬೂದಿಯ ಡಬ್ಬಿಯನ್ನೂ ಹಳೆಯ ಬಟ್ಟೆಯ ತುಂಡನ್ನೂ ತಂದು ಅವನ ಕೈಗೆ ಕೊಟ್ಟ. "ವಾರಕ್ಕೊಂದ್ಸಲ ಉಜ್ಜಿ. ಕಾರಿನಲ್ಲಿ ಸರಿಯಾಗಿ ಅಳತೆ ತಗೊಂಡು ಮಾಡಿರೋದು ಅದೊಂದೇ."